ಇಪ್ಪತ್ತಮೂರು ಗುರುತಿನ ಕಾಯಿ

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೆ ಬಂದದ್ದು ಒಂಬತ್ತು ಬೀಗದ ಕೈಗಳ ಒಂದು ಗೊಂಚಲು, ಒಂದು ಶಾರ್ಟ್‌ಹ್ಯಾಂಡ್ ಪುಸ್ತಕ ಮತ್ತು ಒಂದು ಬುದ್ಧಿಮಾತು. ಬುದ್ಧಿಮಾತು ಹೇಳಿದವರು ಕರ್ನಲ್ ಸಾಹೇಬರು. "ಇಲ್ಲಿ ನೀನು ಕೇಳುತ್ತೀಯ, ಬರೆಯುತ್ತೀಯ, ಬೀಗ ಹಾಕುತ್ತೀಯ. ಮಾತಾಡುವ ಕೆಲಸ ನನ್ನದು," ಎಂದರು ಇಂಗ್ಲಿಷಿನಲ್ಲಿ. ಅದನ್ನೂ ನಾನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆ. ಅವರು ನೋಡಿದರು. "ಗುಡ್," ಎಂದರು.

ಎರಡು ಸಾವಿರದ ಇಸವಿಯ ಜನವರಿ. ನನಗೆ ಇಪ್ಪತ್ತೆರಡು. ತಿಪಟೂರಿನಲ್ಲಿ ಬಿ.ಕಾಂ. ಮುಗಿಸಿ, ಎರಡು ಭಾಷೆಯಲ್ಲೂ ಸೀನಿಯರ್ ಟೈಪಿಂಗ್ ಪಾಸು ಮಾಡಿದ್ದೆ. ಕಂಪನಿ ಬೊಂಬಾಯಿಯದು. ತೆಂಗಿನಕಾಯಿ ತುರಿದು, ಒಣಗಿಸಿ, ಪುಡಿ ಮಾಡಿ ಬಿಸ್ಕತ್ತು ಮಾಡುವವರಿಗೆ ಕಳಿಸುತ್ತಿತ್ತು. ಕಿಬ್ಬನಹಳ್ಳಿ ಕ್ರಾಸಿನಿಂದ ಎರಡು ಮೈಲಿ ದೂರದಲ್ಲಿ ಅವರ ದೊಡ್ಡ ಕಾರ್ಖಾನೆ. ದಕ್ಷಿಣದ ಆರು ಕಾರ್ಖಾನೆಗಳ ಭದ್ರತೆಯನ್ನು ನೋಡಿಕೊಳ್ಳುವ ಆಫೀಸು ಅದರ ಮೇಲಂತಸ್ತಿನಲ್ಲಿತ್ತು. ಅಲ್ಲಿ ಇಬ್ಬರು ಹಿರಿಯರು: ಭದ್ರತಾ ಮುಖ್ಯಸ್ಥರಾದ ಕರ್ನಲ್ ಸಾಹೇಬರು, ಅವರ ಕೈಕೆಳಗೆ ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಇನ್‌ಸ್ಪೆಕ್ಟರ್ ಸಾಹೇಬರು. ಇಬ್ಬರಿಗೂ ಸೇರಿ ಸಹಾಯಕಿ ನಾನೊಬ್ಬಳೇ.

ಡೈರಿ ಬರೆಯುವ ರೂಢಿ ನನಗೆ ಹೈಸ್ಕೂಲಿನಿಂದ ಇತ್ತು. ನಮ್ಮಪ್ಪ ಚಿಕ್ಕನಾಯಕನಹಳ್ಳಿ ಸುತ್ತಿನ ತೋಟಗಳಲ್ಲಿ ಕಾಯಿ ಎಣಿಸುವ ಕೆಲಸ ಮಾಡುತ್ತಿದ್ದರು. ಓದು ಬರಹ ಬಾರದು. ಸಂಜೆ ಮನೆಗೆ ಬಂದು, ಕಾಲು ತೊಳೆದು, ಯಾರ ತೋಟ, ಎಷ್ಟು ಕಾಯಿ ಎಂದು ಹೇಳುವರು, ನಾನು ಬರೆದಿಡುವೆ. ಹಾಗೆ ಶುರುವಾದದ್ದು ಆಮೇಲೆ ಬಸ್ಸು ಎಷ್ಟು ನಿಮಿಷ ತಡ, ಮಳೆ ಯಾವ ದಿನ ಎಂಬುದಕ್ಕೂ ಹಬ್ಬಿತು. ಆಫೀಸು ಸೇರಿದ ಮೊದಲ ತಿಂಗಳ ಕೊನೆಯ ಪುಟದಲ್ಲಿ ಹೀಗಿದೆ: ಫ್ಯಾಕ್ಸ್ ಬಂದದ್ದು ಅರವತ್ತೊಂದು, ಅರಗಿನ ಮುದ್ರೆ ಹಾಕಿದ ಲಕೋಟೆ ಹದಿನಾಲ್ಕು, ಬಸ್ಸು ತಪ್ಪಿದ್ದು ಎರಡು, ಕರ್ನಲ್ ಸಾಹೇಬರು 'ನೋಟೆಡ್' ಎಂದದ್ದು ನೂರ ಹನ್ನೆರಡು ಸಲ.

ಅವರು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ 'ನೋಟೆಡ್' ಎನ್ನುವರು. ಉತ್ತರದ ಕಡೆಯವರು. ಬರುವಾಗ ಅವರಿಗೆ ಗೊತ್ತಿದ್ದ ಕನ್ನಡ ಐದು ಪದ: ಬನ್ನಿ, ಹೋಗಿ, ಸಾಕು, ನೀರು, ಗೊತ್ತಿಲ್ಲ. ಮೇಜಿನ ಮೇಲೆ ಮೂರು ಪೆನ್ಸಿಲು, ಮೂರರ ಮೊನೆಯೂ ಒಂದೇ ದಿಕ್ಕಿಗೆ. ಬೆಳಿಗ್ಗೆ ಒಂಬತ್ತಕ್ಕೆ ಹಿಂದಿನ ದಿನದ ಆರು ಕಾರ್ಖಾನೆಗಳ ವರದಿ ಅವರ ಮುಂದಿರಬೇಕು. ಎಲ್ಲೂ ಏನೂ ಆಗಿಲ್ಲದಿದ್ದರೆ, ಏನೂ ಆಗಿಲ್ಲ ಎಂಬ ವರದಿ ಇರಬೇಕು. ನನ್ನ ಕೆಲಸದ ಬಹುಪಾಲು ಈ ಏನೂ ಆಗದ ವರದಿಗಳೇ. ಉಳಿದಂತೆ ಅವರ ಪ್ರಯಾಣದ ಟಿಕೆಟ್ಟು, ಸಭೆಯ ನಡಾವಳಿ, ಕಾವಲುಗಾರರ ಪಾಳಿಪಟ್ಟಿ, ಹಳೆಯ ಕಾಗದ ಹರಿಯುವುದು. ಹರಿದ ಕಾಗದವನ್ನೂ ತೂಗಿ ಬರೆದಿಡಬೇಕಿತ್ತು.

ಆ ಫೆಬ್ರವರಿಯಲ್ಲಿ ಬೊಂಬಾಯಿಯಿಂದ ದೊಡ್ಡ ಸಾಹೇಬರು ಬಂದರು. ಅವರ ದಾರಿ ಗುಟ್ಟು. ತುಮಕೂರಿನಿಂದ ನೇರ ಬರದೆ ತುರುವೇಕೆರೆ ಬಳಸಿ, ಸಂಪಿಗೆ ಎಂಬ ಊರಿನ ಶ್ರೀನಿವಾಸನ ದರ್ಶನ ಮಾಡಿಕೊಂಡು ಕಾರ್ಖಾನೆಗೆ ಬರುವುದೆಂದು ತೀರ್ಮಾನ. ದಾರಿಯ ನಕ್ಷೆಯನ್ನು ನಾನು ಬಾಗಿಲು ಹಾಕಿಕೊಂಡು ಟೈಪ್ ಮಾಡಿ, ಮೂರು ಪ್ರತಿಗೆ ಮುದ್ರೆ ಒತ್ತಿ, ಕಾರ್ಬನ್ ಹಾಳೆಯನ್ನು ಸುಟ್ಟೆ. ಅದೇ ಸಂಜೆ ಕ್ರಾಸಿನಲ್ಲಿ ಬಸ್ಸಿಗೆ ನಿಂತಿದ್ದಾಗ ಟೀ ಅಂಗಡಿಯವನು ಕೂಗಿದ.

"ಏನವ್ವ, ನಾಡಿದ್ದು ನಿಮ್ ದೊಡ್ ಸಾಯೇಬ್ರು ಸಂಪಿಗೆಗೆ ಬತ್ತಾರಂತಲ್ಲ?"

"ನಂಗೇನ್ ಗೊತ್ತಣ್ಣ."

"ನೀನೇ ಅಲ್ವಾ ಬರ್ಕೊಟ್ಟಿರಾದು? ಹನ್ನೊಂದೂ ಕಾಲ್ಗೆ ಮಂಗ್ಳಾರತಿ ಅಂತ ಅರ್ಚಕ್ರೇ ಅಂದ್ರು. ಬಾಗ್ಲು ಹಾಕ್ಬೇಡಿ ಅಂತ ನಿಮ್ಮೋರೇ ಹೇಳ್ಕಳ್ಸವ್ರೆ."

ಮರುದಿನ ಇದನ್ನು ಇನ್‌ಸ್ಪೆಕ್ಟರ್ ಸಾಹೇಬರಿಗೆ ಹೇಳಿದೆ. ಅವರು ಮಂಡ್ಯ ಸೀಮೆಯವರು, ದಪ್ಪ ಮೀಸೆ, ಯಾವುದಕ್ಕೂ ಅವಸರವಿಲ್ಲ. "ಗುಟ್ಟು ಅನ್ನೋದು ಕಾಗ್ದದಲ್ಲಿರೋದಮ್ಮ. ಊರಿಗೆ ಗೊತ್ತಿರೋದೆಲ್ಲ ಗುಟ್ಟಾಯ್ತದಾ? ನಕ್ಷೆ ಸೀಲ್ ಆಯ್ತಲ್ಲ, ನಿನ್ ಕೆಲ್ಸ ಮುಗೀತು ಬಿಡು," ಎಂದರು.

ಮಾರ್ಚಿನಲ್ಲಿ ಬೇರೆ ರಾಜ್ಯದ ಒಂದು ಕಾರ್ಖಾನೆಯಲ್ಲಿ ಕಾಯಿಯ ದಾಸ್ತಾನು ಕಡಿಮೆ ಬಂತು. ಕರ್ನಲ್ ಸಾಹೇಬರು ಆರೂ ಗೇಟುಗಳಿಗೆ ಹೊಸ ಆಜ್ಞೆ ಹೊರಡಿಸಿದರು. ಒಳಗೆ ಬರುವ ಪ್ರತಿ ಲೋಡನ್ನೂ ಇಳಿಸುವಾಗ ಗೇಟಿನ ಕಾವಲುಗಾರನೇ ಖುದ್ದಾಗಿ, ನೂರರ ಲೆಕ್ಕದಲ್ಲಿ ಎಣಿಸಿ, ಗುರುತು ಇಡಬೇಕು. ಇಂಗ್ಲಿಷಿನಲ್ಲಿ ಎರಡು ಸಾಲು. "ನಮ್ಮ ಗೇಟಿಗೆ ಕನ್ನಡದಲ್ಲಿ ಹಾಕು. ಓದಿದವನಿಗೆ ಅರ್ಥವಾಗಬೇಕು, ಮತ್ತೆ ನನ್ನನ್ನು ಕೇಳಲು ಬರಬಾರದು," ಎಂದರು.

ನಾನು ಬರೆದದ್ದು ಹೀಗೆ: 'ಪ್ರತಿ ಲೋಡನ್ನೂ ಕಾವಲುಗಾರರೇ ಖುದ್ದಾಗಿ ಎಣಿಸತಕ್ಕದ್ದು. ನೂರಕ್ಕೊಂದು ಗುರುತಿನ ಕಾಯಿ ತೆಗೆದಿಟ್ಟು ಲೆಕ್ಕ ಇಡತಕ್ಕದ್ದು.'

ಗುರುತಿನ ಕಾಯಿ ಎಂಬುದು ನಮ್ಮ ಕಡೆ ಯಾರಿಗೂ ವಿವರಿಸಬೇಕಾದದ್ದಲ್ಲ. ಎಣಿಸುವವನು ಎರಡು ಕೈಗೂ ಒಂದೊಂದು ಕಾಯಿ ತೆಗೆದುಕೊಂಡು ಜೋಡಿ ಜೋಡಿಯಾಗಿ ಎಸೆಯುತ್ತಾ ಹೋಗುತ್ತಾನೆ. ಐವತ್ತು ಜೋಡಿಯಾಯಿತೆಂದರೆ ಒಂದು ಕಾಯಿಯನ್ನು ಪಕ್ಕಕ್ಕೆ ಇಟ್ಟು ಮತ್ತೆ ಒಂದರಿಂದ ಶುರು. ಎಷ್ಟು ನೂರಾಯಿತೆಂದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಕೊನೆಯಲ್ಲಿ ಪಕ್ಕದ ಕಾಯಿಗಳನ್ನು ನೋಡಿದರೆ ಸಾಕು. ಆ ಪಕ್ಕದ ಕಾಯಿ ನೂರರ ಒಳಗಿನದಲ್ಲ. ತೋಟದವರು ನೂರರ ಮೇಲೆ ಒಂದನ್ನು ಅದಕ್ಕೆಂದೇ ಹಾಕಿರುತ್ತಾರೆ. ಎಣಿಕೆ ಮುಗಿದ ಮೇಲೆ ಅದು ಎಣಿಸಿದವನದು. ನಮ್ಮಪ್ಪ ಚೀಲದಲ್ಲಿ ತರುತ್ತಿದ್ದ ಕಾಯಿಗಳು ಅವೇ. ನಮ್ಮ ಮನೆಯ ಸಾರಿಗೂ ಚಟ್ನಿಗೂ ಬಿದ್ದ ಕಾಯಿಯೆಲ್ಲ ಅವೇ. ಕಾಯಿ ಆಮೇಲೆ ಎಲ್ಲಿಗೆ ಹೋಗಬೇಕೆಂದು ನಾನು ಆಜ್ಞೆಯಲ್ಲಿ ಬರೆಯಲಿಲ್ಲ. ಬರೆಯಬೇಕೆಂದು ಹೊಳೆಯಲೂ ಇಲ್ಲ.

ಕರ್ನಲ್ ಸಾಹೇಬರು ಕನ್ನಡದ ಪ್ರತಿಗೆ ಸಹಿ ಹಾಕಿದರು. ಇನ್‌ಸ್ಪೆಕ್ಟರ್ ಸಾಹೇಬರು ಓದದೆ ಸಹಿ ಹಾಕಿದರು. ಕಂಪನಿಯ ಮೊಹರು ಒತ್ತಿ, ಗೇಟಿನ ಗೋಡೆಗೆ ಅಂಟಿಸಿ ಬಂದವಳು ನಾನೇ.

ಹಗಲು ಪಾಳಿಯಲ್ಲಿ ಗೇಟು ಕಾಯುತ್ತಿದ್ದವನು ಹುಳಿಯಾರಿನ ಕಡೆಯ ಒಂದು ಕುರುಬರ ಹಟ್ಟಿಯವನು. ಐವತ್ತು ದಾಟಿತ್ತು. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಗೇಟಣ್ಣ ಎನ್ನುತ್ತಿದ್ದರು. ಕುರಿಗಳನ್ನು ತಮ್ಮನಿಗೆ ಬಿಟ್ಟು ಒಂಬತ್ತು ವರ್ಷದಿಂದ ಕಂಟ್ರಾಕ್ಟರ ಕೈಕೆಳಗೆ ಕಾವಲಿಗಿದ್ದ. ಎಣಿಕೆಯಲ್ಲಿ ಅವನಷ್ಟು ಚುರುಕು ಯಾರೂ ಇರಲಿಲ್ಲ. ದಿನವೂ ಸಂಜೆ ನಾಲ್ಕೂವರೆಗೆ ಮೆಟ್ಟಿಲ ಕೆಳಗೆ ನಿಂತು ಕೂಗುವನು.

"ಇವತ್ತು ಹದ್ನೆಂಟ್ ಕಾಯಿ ಕಣವ್ವಾ, ಮ್ಯಾಕೆ ನಲ್ವತ್ತು!"

ನಾನು ಪುಸ್ತಕದಲ್ಲಿ 1840 ಎಂದು ಬರೆಯುವೆ. ತೋಟದವರ ಚೀಟಿ, ಗೇಟಿನ ಎಣಿಕೆ, ಒಳಗೆ ಸುಲಿಯುವ ಕಟ್ಟೆಯ ಎಣಿಕೆ, ಮೂರನ್ನೂ ಅಕ್ಕಪಕ್ಕ ಬರೆದು ತಿಂಗಳ ಕೊನೆಗೆ ಕರ್ನಲ್ ಸಾಹೇಬರ ಮುಂದಿಡುವೆ. ಅವರು 'ನೋಟೆಡ್' ಎನ್ನುವರು. ಗೇಟಣ್ಣ ಐದು ಗಂಟೆಗೆ ಚೀಲ ಹೆಗಲಿಗೇರಿಸಿಕೊಂಡು, ಎಲ್ಲರ ಎದುರಿಗೇ, ಬಸ್ಸಿಗೆ ನಡೆಯುವನು. ಹೀಗೆ ಏಳು ತಿಂಗಳು ನಡೆಯಿತು.

ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಒಂದೂ ನಲವತ್ತು. ಮುನ್ಸೂಚನೆ ಇಲ್ಲದ ತಪಾಸಣೆ. ಜೀಪಿನಲ್ಲಿ ಮುಂದೆ ಕರ್ನಲ್ ಸಾಹೇಬರು, ಹಿಂದೆ ಇನ್‌ಸ್ಪೆಕ್ಟರ್ ಸಾಹೇಬರು ಮತ್ತು ನಾನು. ತಪಾಸಣೆಗೆ ಹೋದಾಗ ಅವರು ಹೇಳಿದ್ದನ್ನೆಲ್ಲ ಅಲ್ಲೇ ಬರೆದುಕೊಳ್ಳುವುದು ನನ್ನ ಕೆಲಸ. ಗೇಟಿನ ಕೋಣೆಯ ಬೆಂಚಿನ ಕೆಳಗೆ ಒಂದು ಚೀಲವಿತ್ತು. ಕರ್ನಲ್ ಸಾಹೇಬರು ಬೂಟಿನ ತುದಿಯಿಂದ ಮುಟ್ಟಿದರು. ಕಾಯಿಗಳು ಉರುಳಿದವು.

"ಯಾರದೆಂದು ಕೇಳಿ."

ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದರು. "ಯಾರ್ದಯ್ಯ ಇವು?"

"ಅವಾ ಸ್ವಾಮಿ? ನಂದೇಯ. ಬೆಳಿಗ್ಗೆ ಲಾರೀವು," ಎಂದು ಗೇಟಣ್ಣ ನಕ್ಕ.

"ತನ್ನವೇ ಅನ್ನುತ್ತಾನೆ ಸರ್. ಬೆಳಗಿನ ಲಾರಿಯಿಂದ ಬಂದದ್ದಂತೆ."

"ಒಪ್ಪಿಕೊಂಡ. ನಗುತ್ತಲೂ ಇದ್ದಾನೆ," ಎಂದರು ಕರ್ನಲ್ ಸಾಹೇಬರು, ನನ್ನ ಕಡೆ ತಿರುಗಿ. ನಾನು 'ಒಪ್ಪಿಕೊಂಡಿರುತ್ತಾನೆ' ಎಂಬ ಗುರುತನ್ನು ಶಾರ್ಟ್‌ಹ್ಯಾಂಡಿನಲ್ಲಿ ಹಾಕಿದೆ. ಆ ಗುರುತು ಒಂದು ಸಣ್ಣ ಕೊಕ್ಕೆಯ ಹಾಗಿರುತ್ತದೆ. ಕರ್ನಲ್ ಸಾಹೇಬರ ಹಿಂದಿನ ಗೋಡೆಯಲ್ಲಿ, ಅವರ ತಲೆಯಿಂದ ಒಂದು ಗೇಣು ಮೇಲೆ, ನಾನು ಬರೆದ ಆಜ್ಞೆ ಅಂಟಿಕೊಂಡಿತ್ತು. ಬಿಸಿಲಿಗೆ ಹಳದಿಯಾಗಿತ್ತು. ನಾನು ಅದನ್ನು ನೋಡಿದೆ. ಪುಸ್ತಕದ ಹಾಳೆ ತಿರುಗಿಸಿದೆ.

ಕಾಯಿಗಳನ್ನು ಎಣಿಸಲು ನನಗೇ ಹೇಳಿದರು. ಇಪ್ಪತ್ತಮೂರು. ಚೀಲವನ್ನು ಜೀಪಿಗೆ ಹಾಕುವಾಗ ಗೇಟಣ್ಣ ನನ್ನ ಹತ್ತಿರ ಬಂದ.

"ಯಾಕವ್ವ, ಸಾಯೇಬ್ರಿಗೆ ಕಾಯಿ ಬೇಕಾಗಿತ್ತಾ? ಒಂದ್ ಮಾತು ಅಂದಿದ್ರೆ ಸುಲ್ದೇ ಕೊಡ್ತಿದ್ನಲ್ಲ."

ಆ ಸಂಜೆಗೇ ಅವನನ್ನು ಕೆಲಸದಿಂದ ನಿಲ್ಲಿಸಿದರು. ಇಪ್ಪತ್ತಮೂರು ಕಾಯಿಗಳಿಗೂ ಚೀಟಿ ಕಟ್ಟಿ, ಸಾಕ್ಷ್ಯದ ಪುಸ್ತಕದಲ್ಲಿ ದಾಖಲಿಸಿ, ಸ್ಟೀಲ್ ಕಪಾಟಿನ ಕೆಳಗಿನ ಎರಡು ಅರೆಗಳಲ್ಲಿ ಜೋಡಿಸಿ ಬೀಗ ಹಾಕಿದೆ. ಏಳನೇ ನಂಬರಿನ ಕೀ.

ನಮ್ಮ ಆಫೀಸಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಬೊಂಬಾಯಿಗೆ ಒಂದು ಪಟ್ಟಿ ಫ್ಯಾಕ್ಸ್ ಆಗುತ್ತಿತ್ತು. ಇನ್ನು ಮೇಲೆ ಯಾವ ಗೇಟಿಗೂ ತೆಗೆದುಕೊಳ್ಳಬಾರದವರ ಪಟ್ಟಿ. ಅಲ್ಲಿಂದ ಅದು ಎಲ್ಲ ಕಾರ್ಖಾನೆಗಳಿಗೆ, ಕಾವಲುಗಾರರನ್ನು ಒದಗಿಸುವ ಎಲ್ಲ ಕಂಟ್ರಾಕ್ಟರುಗಳಿಗೆ ಹೋಗುತ್ತಿತ್ತು. ಹೆಸರಿನ ಮುಂದೆ ಕಾರಣ: ಕುಡಿತ, ನಿದ್ದೆ, ಕಳವು. ಕುಡಿತ, ನಿದ್ದೆಯವರು ಎರಡು ವರ್ಷದ ಮೇಲೆ ಹಿಂದಕ್ಕೆ ಬರಬಹುದಿತ್ತು. ಕಳವಿನವರು ಬರುವಂತಿರಲಿಲ್ಲ. ನಾನು ಸೇರಿದ ಮೇಲೆ ಟೈಪ್ ಮಾಡಿದ ಹೆಸರು ಮೂವತ್ತೊಂದು. ಗೇಟಣ್ಣನದು ಮೂವತ್ತೆರಡನೆಯದು. ಬುಧವಾರ ಬೆಳಿಗ್ಗೆಯೇ ಟೈಪ್ ಮಾಡಿ ಸಹಿಗೆ ಇಟ್ಟೆ. ಅದೇ ಟ್ರೇಯಲ್ಲಿ ಇನ್ನೊಂದು ಕಾಗದವೂ ಇತ್ತು. ನವೆಂಬರ್ ಒಂದರಿಂದ ನನ್ನನ್ನು ಕಾಯಂ ಮಾಡುವ ಪತ್ರ. ಅದನ್ನೂ ನಾನೇ ಟೈಪ್ ಮಾಡಿದ್ದೆ.

ಬುಧವಾರ ಸಂಜೆ ಗೇಟಣ್ಣ ಕ್ರಾಸಿನಲ್ಲಿ ನಿಂತಿದ್ದ. ಹುಳಿಯಾರಿನ ಬಸ್ಸೂ ನಮ್ಮ ಬಸ್ಸೂ ಒಂದೇ ಕಡೆ ನಿಲ್ಲುತ್ತವೆ.

"ಕಳ್ಳ ಅಂತ ಬರ್ದಿದ್ದೀಯಂತಲ್ಲವ್ವ," ಎಂದ. ಸಿಟ್ಟೇನೂ ಇರಲಿಲ್ಲ.

"ಸಾಹೇಬ್ರು ಹೇಳಿದ್ದು ಬರ್ದೆ ಅಣ್ಣಾ."

"ನಮ್ ಹಟ್ಟೀಲಿ ಕುರಿ ಕಾಣ್ದಂಗಾದ್ರೆ ಮನ್ಸರ ಹೆಸ್ರು ಎತ್ತಾಕಿಲ್ಲ. ತ್ವಾಳ ಅಂತೀವಿ. ತ್ವಾಳಾನೇ ಅಲ್ಲ ಅಂತ ಗೊತ್ತಾಗಗಂಟ ತ್ವಾಳಾನೇ." ಬಸ್ಸು ಬರುವ ದಾರಿ ನೋಡುತ್ತಾ ಕೇಳಿದ. "ನಿಂಗೆ ಗೊತ್ತೈತಲ್ಲವ್ವ, ಆ ಕಾಯಿ ಯಾವ್ದು ಅಂತ?"

"ಗೊತ್ತು."

"ಅಷ್ಟೇಯ, ಬುಡು." ಬಸ್ಸು ಬಂತು. ಹತ್ತಿದ. ಬಸ್ಸು ಹನ್ನೊಂದು ನಿಮಿಷ ತಡವಾಗಿತ್ತೆಂದು ಆ ದಿನದ ಪುಟದಲ್ಲಿದೆ.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಆಫೀಸಿನ ವಿಷಯ ಮನೆಯಲ್ಲಿ ಆಡಬಾರದೆಂದು ಬರೆದುಕೊಟ್ಟಿದ್ದೆ. ಅದು ಮುರಿದದ್ದು ಅದೊಂದೇ ಸಲ.

"ಎಣಿಸ್ದೋನ್ಗೆ ಬುಟ್ಟು ಗುರ್ತಿನ್ಕಾಯಿ ಇನ್ಯಾರ್ಗೆ ಹೋದಾತು?" ಎಂದರು ಅಪ್ಪ. "ನಿಮ್ ಸಾಯೇಬ ಯಾವೂರೋನು?"

"ಬಡಗಲ ಸೀಮೆಯವ್ರು. ಬಲು ದೂರ."

"ಅಲ್ಲಿ ತೆಂಗಿನ್ಮರ ಇಲ್ವಾ?"

"ಇಲ್ಲ."

"ಅಯ್ಯೋ ಪಾಪ," ಎಂದು ಮುದ್ದೆ ಮುರಿದರು. ಸಾಹೇಬರ ಬಗ್ಗೆ ಅವರು ಹೇಳಿದ್ದು ಅಷ್ಟೇ. ಇನ್ನೊಂದು ತುತ್ತು ನುಂಗಿ, ನನ್ನ ಮುಖ ನೋಡದೆ, "ಗ್ವಾಡೆ ಮ್ಯಾಲೆ ತೆಗ್ದಿಡು ಅಂತ ಬರ್ದೋಳು ನೀನೇ ಅಲ್ವೇನವ್ವ?" ಎಂದರು.

ಗುರುವಾರ, ಶುಕ್ರವಾರ ಡೈರಿಯಲ್ಲಿ ಬರೀ ಲೆಕ್ಕವಿದೆ. ಏಳು ತಿಂಗಳ ಲೋಡುಗಳನ್ನು ಒಂದೊಂದಾಗಿ ಎತ್ತಿ ಬರೆದೆ. ಒಟ್ಟು ಇನ್ನೂರ ಹನ್ನೆರಡು. ಮೂರು ಲೋಡಿನಲ್ಲಿ ಮಾತ್ರ ಚೀಟಿಗೂ ಕಟ್ಟೆಯ ಎಣಿಕೆಗೂ ವ್ಯತ್ಯಾಸ, ಅದೂ ಹತ್ತು ಕಾಯಿಯ ಒಳಗೆ. ಉಳಿದ ಇನ್ನೂರ ಒಂಬತ್ತರಲ್ಲಿ ಮೂರೂ ಎಣಿಕೆ ಒಂದೇ. ಮಂಗಳವಾರ ಬೆಳಗಿನ ಲಾರಿ: ಚೀಟಿಯಲ್ಲಿ 2300, ಗೇಟಿನಲ್ಲಿ 2300, ಕಟ್ಟೆಯಲ್ಲಿ 2300. ಕಪಾಟಿನಲ್ಲಿ 23. ಕಂಪನಿಯ ಒಂದು ಕಾಯಿಯೂ ಹೋಗಿರಲಿಲ್ಲ.

ಲೆಕ್ಕದಲ್ಲಿ ಯಾವ ತೊಡಕೂ ಇರಲಿಲ್ಲ. ತೊಡಕಿದ್ದದ್ದು ಆಜ್ಞೆಯಲ್ಲಿ. ಇಂಗ್ಲಿಷಿನಲ್ಲಿ ಕಾಯಿ ತೆಗೆದಿಡು ಎಂದು ಇರಲಿಲ್ಲ. ಕರ್ನಲ್ ಸಾಹೇಬರಿಗೆ ಓದಲು ಬಾರದ ಭಾಷೆಯಲ್ಲಿ, ಅವರ ಸಹಿಯ ಮೇಲೆ, ಅವರು ಹೇಳದ ಮಾತನ್ನು ಸೇರಿಸಿದವಳು ನಾನು. ಭದ್ರತೆಯ ಆಫೀಸಿನಲ್ಲಿ ಸಹಾಯಕಿಯೊಬ್ಬಳು ಮಾಡಬಹುದಾದ ತಪ್ಪುಗಳಲ್ಲಿ ಅದಕ್ಕಿಂತ ದೊಡ್ಡದು ಹೆಚ್ಚಿಲ್ಲ. ಗೇಟಣ್ಣನ ಹೆಸರು ಉಳಿಯಬೇಕಾದರೆ ಅದನ್ನು ನಾನೇ ಹೇಳಬೇಕಿತ್ತು.

ಶನಿವಾರ ಹತ್ತೂ ಇಪ್ಪತ್ತಕ್ಕೆ ಪಟ್ಟಿಗೆ ಸಹಿ ಹಾಕಲು ಕರೆದರು. ಇನ್‌ಸ್ಪೆಕ್ಟರ್ ಸಾಹೇಬರೂ ಅಲ್ಲಿದ್ದರು. ನಾನು ಪಟ್ಟಿಯ ಮೇಲೆ ಮೂರು ಹಾಳೆ ಇಟ್ಟೆ. ಇಂಗ್ಲಿಷಿನ ಮೂಲ ಆಜ್ಞೆ, ಗೇಟಿನ ಗೋಡೆಯ ಕನ್ನಡ ಆಜ್ಞೆ ಇಂಗ್ಲಿಷಿನಲ್ಲಿ ಏನಾಗುತ್ತದೆ ಎಂಬ ಹಾಳೆ, ಮತ್ತೆ ಲೋಡುಗಳ ಪಟ್ಟಿ.

ಕರ್ನಲ್ ಸಾಹೇಬರು ಮೊದಲ ಎರಡನ್ನು ಅಕ್ಕಪಕ್ಕ ಇಟ್ಟು ಓದಿದರು. ಪೆನ್ಸಿಲಿನಿಂದ ಎರಡನೆಯ ಸಾಲಿನ ಕೆಳಗೆ ಗೆರೆ ಎಳೆದರು.

"ಇದನ್ನು ಯಾರು ಬರೆದರು?"

"ನಾನು ಸರ್."

"ನಾನು ಹೇಳಿದ್ದೆನೇ?"

"ಗುರುತು ಇಡಬೇಕು ಅಂದಿರಿ ಸರ್. ಇಲ್ಲಿ ಗುರುತು ಇಡುವುದು ಹಾಗೆ."

"ಏಳು ತಿಂಗಳು ಪ್ರತಿದಿನ ಅವನು ನಿನಗೆ ಕಾಯಿಯ ಲೆಕ್ಕ ಕೊಟ್ಟ. ಆ ಕಾಯಿಗಳು ಆಮೇಲೆ ಎಲ್ಲಿ ಹೋದವು ಅಂದುಕೊಂಡೆ?"

"ಮನೆಗೆ ಸರ್."

"ಯಾರ ಮನೆಗೆ?"

"ಎಣಿಸಿದವರ ಮನೆಗೆ. ತೋಟದವರು ಅದಕ್ಕೆಂದೇ ನೂರರ ಮೇಲೆ ಒಂದು ಹಾಕಿರುತ್ತಾರೆ. ನಮ್ಮ ತಂದೆಯೂ ತರುತ್ತಿದ್ದರು."

ಅವರು ಮೂರನೆಯ ಹಾಳೆ ತೆಗೆದುಕೊಂಡರು. ಇನ್ನೂರ ಹನ್ನೆರಡು ಸಾಲುಗಳನ್ನೂ ಓದಿದರು. ಹದಿನಾರು ನಿಮಿಷ ಹಿಡಿಯಿತು. ಮೂರು ವ್ಯತ್ಯಾಸಗಳ ಮುಂದೆ ಮೂರು ಚುಕ್ಕೆ ಇಟ್ಟರು. ಆಮೇಲೆ ಇನ್‌ಸ್ಪೆಕ್ಟರ್ ಸಾಹೇಬರ ಕಡೆ ತಿರುಗಿದರು.

"ನಿಮಗೆ ಇದು ಗೊತ್ತಿತ್ತೇ?"

"ನಮ್ಮ ಕಡೆ ಭತ್ತ ಸರ್, ತೆಂಗಲ್ಲ," ಎಂದರು ಇನ್‌ಸ್ಪೆಕ್ಟರ್ ಸಾಹೇಬರು. ಮೀಸೆ ಸವರಿಕೊಂಡರು. "ರಾಶಿ ಅಳೆಯುವವನಿಗೆ ಕೊನೆಗೆ ಒಂದು ಮೊರ ಭತ್ತ ಕೊಡುತ್ತೇವೆ, ಅಷ್ಟೇ."

"ಅಂದರೆ ಗೊತ್ತಿತ್ತು."

"ಭತ್ತದ್ದು ಗೊತ್ತಿತ್ತು ಸರ್."

ಕರ್ನಲ್ ಸಾಹೇಬರು ಪಟ್ಟಿಯನ್ನು ಎಳೆದುಕೊಂಡು ಮೂವತ್ತೆರಡನೆಯ ಹೆಸರಿನ ಮೇಲೆ ಸ್ಕೇಲಿಟ್ಟು ಗೀಟು ಹಾಕಿದರು. ಪಕ್ಕದಲ್ಲಿ ಚಿಕ್ಕ ಸಹಿ, ಸಮಯ. "ಮತ್ತೆ ಟೈಪ್ ಮಾಡು. ಹನ್ನೆರಡಕ್ಕೆ ಹೋಗಬೇಕು." ನಾನು ಬಾಗಿಲಿಗೆ ಬಂದಾಗ, "ಕುಳಿತುಕೋ, ಇನ್ನೊಂದು ಇದೆ," ಎಂದು ಕರೆದರು. ಶಾರ್ಟ್‌ಹ್ಯಾಂಡ್ ಪುಸ್ತಕ ತೆರೆದೆ. ಹಿರಿಯ ಅಧಿಕಾರಿಯ ಆಜ್ಞೆಗೆ ಅನುಮತಿಯಿಲ್ಲದೆ ಮಾತು ಸೇರಿಸಿದ್ದಕ್ಕಾಗಿ ಸಹಾಯಕಿಗೆ ಎಚ್ಚರಿಕೆ. ಕಾಯಂ ಮಾಡುವುದು ಮೂರು ತಿಂಗಳು ಮುಂದಕ್ಕೆ. ಅವರು ಸಾವಕಾಶವಾಗಿ, ಅಲ್ಪವಿರಾಮವನ್ನೂ ಬಿಡದೆ ಹೇಳಿದರು. ನಾನು ಮೂರು ಪ್ರತಿ ಟೈಪ್ ಮಾಡಿದೆ. ಒಂದನ್ನು ಬೊಂಬಾಯಿಯ ಲಕೋಟೆಗೆ ಹಾಕಿದೆ, ಒಂದನ್ನು ನನ್ನ ಫೈಲಿಗೆ ಸೇರಿಸಿದೆ, ಒಂದನ್ನು ನನಗೇ ಕೊಟ್ಟುಕೊಂಡು 'ಮುಟ್ಟಿದೆ' ಎಂದು ಸಹಿ ಹಾಕಿದೆ. ಟೈಪಿಂಗ್ ತಪ್ಪು ಇರಲಿಲ್ಲ.

ಸೋಮವಾರ ಗೇಟಣ್ಣ ಕೆಲಸಕ್ಕೆ ಬಂದ. ಗೋಡೆಗೆ ಹೊಸ ಆಜ್ಞೆ ಬಂದಿತ್ತು: ಗುರುತಿನ ಕಾಯಿಯನ್ನು ಎಣಿಕೆ ಮುಗಿದ ಮೇಲೆ ರಾಶಿಗೇ ಹಾಕತಕ್ಕದ್ದು. ಈ ಸಲ ಇನ್‌ಸ್ಪೆಕ್ಟರ್ ಸಾಹೇಬರು ಎರಡು ಸಲ ಓದಿ ಸಹಿ ಹಾಕಿದ್ದರು. ಗೇಟಣ್ಣ ನನ್ನಿಂದ ಓದಿಸಿಕೊಂಡ.

"ಪುಗ್ಸಟ್ಟೆ ಎಣಿಸಾಕೆ ನಾನೇನು ಗಡಿಯಾರನಾ? ಹಿಂದ್ಲು ಗೇಟಿಗೆ ಹಾಕ್ಸಿಬುಡವ್ವ," ಎಂದ.

ಹಿಂದಿನ ಗೇಟಿನಿಂದ ಬರುವುದು ಹೋಗುವುದು ಏನೂ ಇರಲಿಲ್ಲ. ಆಚೆ ಬೀಳು ಭೂಮಿ, ಕುರಿ ಮೇಯುವ ಜಾಗ. ಅವನು ಕೇಳಿದ ಹಾಗೇ ಪಾಳಿಪಟ್ಟಿ ಬದಲಾಯಿತು. ಮುಂದಿನ ಗೇಟಿಗೆ ಬಂದವನು ಬೆಣಚುಕಲ್ಲು ಇಟ್ಟು ಎಣಿಸಿದ. ಎಣಿಸಿದವನಿಗೆ ಕಾಯಿ ಹೋಗುತ್ತಿಲ್ಲವೆಂದು ಮೂರು ವಾರದಲ್ಲಿ ತೋಟದವರಿಗೆಲ್ಲ ಗೊತ್ತಾಯಿತು. ನಾಲ್ಕನೆಯ ವಾರದಿಂದ ನೂರಕ್ಕೆ ನೂರೇ ಬಂತು. ತಿಂಗಳ ವರದಿಯಲ್ಲಿ, ಎಣಿಕೆಯಲ್ಲಿ ವ್ಯತ್ಯಾಸವಿಲ್ಲ ಎಂದು ಬರೆದೆ. ಕರ್ನಲ್ ಸಾಹೇಬರು 'ನೋಟೆಡ್' ಎಂದರು.

ಕಪಾಟಿನ ಕಾಯಿಗಳು ಉಳಿದುಕೊಂಡವು. ಪ್ರಕರಣ ಮುಚ್ಚಿದರೂ ಸಾಕ್ಷ್ಯವನ್ನು ಒಂದು ವರ್ಷ ಇಡಬೇಕೆಂಬುದು ಬೊಂಬಾಯಿಯ ನಿಯಮ. ಪ್ರತಿ ತಿಂಗಳು ಕೊನೆಯ ದಿನ ಕಪಾಟು ತೆರೆದು, ಎಣಿಸಿ, 'ಇಪ್ಪತ್ತಮೂರು, ಸ್ಥಿತಿ ಸರಿಯಿದೆ' ಎಂದು ಬರೆಯಬೇಕು. ಸ್ಥಿತಿ ತಿಳಿಯಲು ನಾನು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಮೊದಲ ತಿಂಗಳುಗಳಲ್ಲಿ ನೀರು ಕುಲುಕುತ್ತಿತ್ತು. ಮಾರ್ಚಿನ ಪುಟದಲ್ಲಿ, 'ನೀರಿನ ಸದ್ದು ಹದಿನಾಲ್ಕರಲ್ಲಿ.' ಜೂನಿನಲ್ಲಿ ಆರರಲ್ಲಿ. ಆಗಸ್ಟ್ ಕೊನೆಗೆ ನೀರು ಯಾವುದರಲ್ಲೂ ಇಲ್ಲ. ಸೆಪ್ಟೆಂಬರಿನಲ್ಲಿ ಮೊದಲ ಸಲ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಆಡಿತು. ಕಾಯಿ ಒಣಹಾಕುವ ನಮ್ಮ ಅಟ್ಟದ ಮೇಲೆ ಕೇಳುವ ಸದ್ದೇ.

ವರ್ಷ ತುಂಬಿದ ದಿನ ಕರ್ನಲ್ ಸಾಹೇಬರು ವಿಲೇವಾರಿ ಪತ್ರ ತರಿಸಿದರು. 'ಯಾರಿಗೆ ಹಿಂತಿರುಗಿಸಬೇಕು' ಎಂಬ ಕಡೆ ಖಾಲಿ ಬಿಟ್ಟಿದ್ದೆ. ಅವರು ತಾವೇ ಗೇಟಣ್ಣನ ಹೆಸರು ಬರೆದರು. ಅದರ ಮುಂದೆ ಒಂದು ಪದ: ಮಾಲೀಕ. ಇಂಗ್ಲಿಷಿನಲ್ಲಿ.

ಗೇಟಣ್ಣ ಮೇಲಂತಸ್ತಿಗೆ ಬಂದದ್ದು ಅದೇ ಮೊದಲು. ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟಿದ್ದ. ಒಂದೊಂದು ಕಾಯಿಯನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ ಚೀಲಕ್ಕೆ ಹಾಕಿದ. ಒಂದನ್ನು ಮೂಸಿ ಪಕ್ಕಕ್ಕಿಟ್ಟ. "ಇದೊಂದು ಕೆಟ್ಟೋಗೈತೆ. ಮಿಕ್ಕವೆಲ್ಲ ಒಳ್ಳೆ ಕೊಬ್ರಿ ಗಿಟುಕಾಗವೆ. ಬೀರುವಿನಲ್ಲಿ ಗಿಟುಕು ಕಟ್ಟಿದ್ದು ನಮ್ ಸೀಮೇಲಿ ನೀನೊಬ್ಳೇಯ!"

"ಏನನ್ನುತ್ತಾನೆ?" ಎಂದು ಕೇಳಿದರು ಕರ್ನಲ್ ಸಾಹೇಬರು.

ನಾನು ಹೇಳಿದೆ. ಏನೂ ಸೇರಿಸಲಿಲ್ಲ. ಅವರು ಒಂದು ಕಾಯಿ ಎತ್ತಿಕೊಂಡು ತಾವೂ ಅಲ್ಲಾಡಿಸಿದರು. "ಗಿಟುಕು," ಎಂದರು. ಅವರ ಕನ್ನಡದಲ್ಲಿ ಅದು ಒಂಬತ್ತನೆಯ ಪದ.

ಗೇಟಣ್ಣ ಮುಟ್ಟಿದ್ದಕ್ಕೆ ಹೆಬ್ಬೆಟ್ಟು ಒತ್ತಿದ. ಚೀಲ ಎತ್ತಿದವನು ಮತ್ತೆ ಇಳಿಸಿ, ಒಳಗೆ ಕೈ ಹಾಕಿ ಒಂದನ್ನು ತೆಗೆದು ನನ್ನ ಟೈಪ್‌ರೈಟರಿನ ಪಕ್ಕದಲ್ಲಿಟ್ಟ.

"ಇದ್ಯಾಕಣ್ಣಾ?"

"ಎಣಿಸ್ದೋರ್ಗೆ."

"ನೂರಾಗ್ಲಿಲ್ಲವಲ್ಲ."

"ತಿಂಗ್ತಿಂಗ್ಳೂ ಇಪ್ಪತ್ಮೂರು ಎಣಿಸಿದ್ದೀಯ. ಕೂಡ್ಕೊ, ನೂರ್ ದಾಟೈತೆ," ಎಂದು ಚೀಲ ಹೊತ್ತು ಇಳಿದು ಹೋದ.

ನೌಕರರು ಯಾರಿಂದ ಏನು ಪಡೆದರೂ ಉಡುಗೊರೆ ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವಿತ್ತು. ಆ ಪುಸ್ತಕ ಇರುತ್ತಿದ್ದದ್ದು ನನ್ನ ಹತ್ತಿರವೇ. ತಾರೀಖು ಹಾಕಿ, 'ಗಿಟುಕು, ಒಂದು. ಎಣಿಕೆಯ ಬಾಬ್ತು' ಎಂದು ಕನ್ನಡದಲ್ಲಿ ಬರೆದು, ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆದು ಸಹಿಗೆ ಒಳಗೆ ಇಟ್ಟೆ. ಸಂಜೆ ಪುಸ್ತಕ ಹಿಂದಕ್ಕೆ ಬಂತು. ಎರಡೂ ಸಾಲಿನ ಮುಂದೆ ಕರ್ನಲ್ ಸಾಹೇಬರ ಪೆನ್ಸಿಲಿನ ಗುರುತಿತ್ತು. ಕಾಯಿಯನ್ನು ಮನೆಗೆ ತಂದು ಅಪ್ಪನಿಗೆ ಕೊಟ್ಟೆ. ಅವರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.